ಥಾರ್‌ ಮೇಲೆ ಹ್ಯಾಮಕ್: ಸೊಂಟ ಹ್ಯಾಂಡ್‌ಬ್ರೇಕ್‌ಗೆ ತಾಗದ ಹಾಗೆ ಕಟ್ಟಿದ್ದು ಹೀಗೆ

ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂವಿನ ನೀರು (ಹೂ ಅರಳಲಿ ಅಂತ ಹಾಯಿಸುವ ನೀರು) ಕೊಡುವವರಿಗೆ ನನ್ನ ಕಷ್ಟ ಗೊತ್ತು. ಒಂದು ಕಡೆ ಸ್ಪ್ರಿಂಕ್ಲರ್ ಇಟ್ಟರೆ ಮೂರ್ನಾಲ್ಕು ಗಂಟೆ ಕಾಯಬೇಕು, ಆಮೇಲೆ ಪೈಪ್ ಬದಲಿಸಬೇಕು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಮನೆಗೂ ಕೆರೆಗೂ ದೂರ. ಅಷ್ಟು ಹೊತ್ತು ಮಲಗಲು ಮರಕ್ಕೆ ಜೋಲಿ (ಹ್ಯಾಮಕ್) ಕಟ್ಟೋಣ ಅಂದರೆ ಸಿಲ್ವರ್ ಓಕ್ ತುಂಬ ಮೆಣಸಿನ ಬಳ್ಳಿ, ಬೇರೆ ಮರಗಳಲ್ಲಿ ಚಗಳಿ (ಕಚ್ಚುವ ಕೆಂಪಿರುವೆ) ಗೂಡು. ಉಳಿದದ್ದು ನನ್ನ ಮಹೀಂದ್ರ ಥಾರ್ ಜೀಪು. 2020ರಲ್ಲಿ ಬಂದ ಹೊಸ ಮಾದರಿ, ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಛಾವಣಿ. ಟಾಪ್ ಬಿಚ್ಚಿದರೆ ಮೇಲೆ ಕಂಪನಿಯದೇ ರೋಲ್ ಕೇಜ್, ಗಾಡಿ ಮಗುಚಿದರೆ ಕಾಯುವ ಪೈಪಿನ ಚೌಕಟ್ಟು.

"ಏನ್ ಗೌಡ್ರೆ, ಜೀಪಿಗೆ ತೊಟ್ಟಿಲು ಕಟ್ತೀರಂತೆ?" ಅಂತ ಪಕ್ಕದ ತೋಟದವರು ನಕ್ಕರು. ಪೈಪ್ ಬಗ್ಗುತ್ತೆ ಅಂತ ಗ್ಯಾರೇಜಿನವರು ಹೆದರಿಸಿದರು.

ಅಮೆರಿಕದ ಜೀಪ್ ರಾಂಗ್ಲರ್‌ಗೆ ಅಂತಲೇ ಹೊಲಿದ ಹ್ಯಾಮಕ್ ಸಿಗುತ್ತವೆ. ವಿಚಾರಿಸಿದೆ. ಸಾಗಣೆ, ಸುಂಕ ಎಲ್ಲಾ ಸೇರಿ ಹತ್ತು ಸಾವಿರ ದಾಟುವ ಲೆಕ್ಕ ಬಂತು. ನಮ್ಮ ಗಾಡಿಗೆ ಅಳತೆ ಕೂರುತ್ತೋ ಇಲ್ಲವೋ ಅದೂ ಅನುಮಾನ. ಬಿಟ್ಟೆ.

ಮೊದಲು ಟ್ರೆಕ್ಕಿಂಗ್ ಹುಡುಗರ ಪ್ಯಾರಾಚೂಟ್ ಬಟ್ಟೆ ಹ್ಯಾಮಕ್ ತಂದೆ, ಸುಮಾರು 1,100 ರೂಪಾಯಿ. ಮುಂದಿನ ಅಡ್ಡ ಪೈಪಿಗೂ ಹಿಂದಿನದಕ್ಕೂ ನಡುವೆ ಐದಡಿ ಚಿಲ್ಲರೆ. ಸಡಿಲ ಬಿಟ್ಟರೆ ಸೊಂಟ ನೇರ ಹ್ಯಾಂಡ್‌ಬ್ರೇಕ್ ಮೇಲೆ. ಬಿಗಿದು ಕಟ್ಟಿದರೆ ನೈಲಾನ್ ಹಿಗ್ಗಿ ಅರ್ಧ ಗಂಟೆಯಲ್ಲಿ ಮತ್ತೆ ಅಲ್ಲಿಗೇ. ಬಿಗಿದಷ್ಟೂ ಪೈಪಿಗೆ ಎಳೆತ ಜಾಸ್ತಿ ಬೇರೆ. ಹಗ್ಗ 30 ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ತುದಿಗೆ ಮಲಗಿದವನ ತೂಕದಷ್ಟು ಎಳೆತ. 10 ಡಿಗ್ರಿಗೆ ಬಂದರೆ ಹೆಚ್ಚುಕಡಿಮೆ ಮೂರು ಪಟ್ಟು. ನಾನು 80 ಕಿಲೋ, ಅಂದರೆ ತುದಿಗೆ 230 ಕಿಲೋ. ಗ್ಯಾರೇಜಿನವರ ಮಾತು ಪೂರ್ತಿ ಸುಳ್ಳಲ್ಲ.

ಆಮೇಲೆ ಕಾಫಿ ಕಣದ ಶೇಡ್ ನೆಟ್. ಎರಡು ಪದರ ಮಾಡಿ, ಅಂಚಿಗೆ ಹಿತ್ತಾಳೆ ಐಲೆಟ್ (ಹಗ್ಗ ಪೋಣಿಸುವ ಬಳೆ) ಹಾಕಿಸಿದೆ. ನಾನೂರು ರೂಪಾಯಿ ಅಲ್ಲಿ ಹೋಯ್ತು. ಮಲಗಿ ಮಗ್ಗುಲು ಬದಲಿಸಿದೆ ಅಷ್ಟೇ, ಪಟಪಟ ಅಂತ ಐಲೆಟ್‌ಗಳು ಸಾಲಾಗಿ ಕಿತ್ತು ಬಂದವು. ಆ ನೆಟ್ ಈಗ ಮೇಲೆ ನೆರಳಿಗೆ ಕಟ್ಟಿದ್ದೇನೆ, ಆ ಕೆಲಸಕ್ಕೆ ಚೆನ್ನಾಗಿದೆ.

ಕೊನೆಗೆ ಹೊಳೆದದ್ದು ಇಷ್ಟು: ಎರಡು ತುದಿಗೆ ಕಟ್ಟುವುದನ್ನೇ ಬಿಡಬೇಕು. ಎಡಬಲದಲ್ಲಿ ಉದ್ದಕ್ಕೆ ಓಡುವ ಪೈಪ್‌ಗಳಿಗೆ ಹಾಸಿ ಬಿಗಿಯಬೇಕು. ಚಿಕ್ಕಮಗಳೂರಿನಲ್ಲಿ ಜೀಪ್ ಹುಡ್ ಹೊಲಿಯುವ ಕುಶನ್ ಅಂಗಡಿಗೆ ಹೋದೆ. ದಪ್ಪ ಕ್ಯಾನ್ವಾಸ್, ಅಂಚು ಎರಡು ಮಡಿಕೆ, ಒಳಗೆ ಗುಜರಿಯಿಂದ ತಂದ ಸೀಟ್ ಬೆಲ್ಟ್ ಪಟ್ಟಿ. ಆ ಪಟ್ಟಿ ನೈಲಾನ್ ಹಗ್ಗದ ಹಾಗೆ ಹಿಗ್ಗಲ್ಲ. ಗೇಣಿಗೊಂದು ಕುಣಿಕೆ, ಎರಡೂ ಕಡೆ. ಭಾರ ಎಲ್ಲಾ ಕುಣಿಕೆಗೂ ಹಂಚಿ ಹೋಗುತ್ತದೆ. ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜೋತು ಬಿಟ್ಟಿದ್ದೇನೆ. ಪೈಪಿನ ಮೇಲೆ ಪಟ್ಟಿ ಜಾರದಂತೆ ಹಳೆ ಸೈಕಲ್ ಟ್ಯೂಬ್ ಸೀಳಿ ಸುತ್ತಿದೆ. ಹಿಂದಿನ ಎರಡು ಮೂಲೆಗೆ ಹಾಕುವ ಗಂಟು ಮಾತ್ರ ಇಲ್ಲಿ ಹೇಳಲ್ಲ. ತೋಟಕ್ಕೆ ಬನ್ನಿ, ಕಾಫಿ ಕುಡಿದು ನೋಡ್ಕೊಂಡು ಹೋಗಿ. ಬಟ್ಟೆ, ಮಜೂರಿ ಸೇರಿ 2,300ರ ಆಸುಪಾಸು.

ಒಂದು ಸೀಸನ್ ಪೂರ್ತಿ ಮಲಗಿದ್ದೇನೆ. ಪೈಪ್ ಕೂದಲೆಳೆಯಷ್ಟೂ ಬಗ್ಗಿಲ್ಲ. ಮೊನ್ನೆ ನಕ್ಕವರ ಮಗ ಬಂದು ಟೇಪ್ ಹಿಡಿದು ಅಳತೆ ತಗೊಂಡು ಹೋದ!

ಸುಮ್ನೆ ಇರಲಾಗದೆ ಗೆಳೆಯನ ಹಳೆ ಮಹೀಂದ್ರ ಜೀಪು ಎಂಎಂ 540ಗೂ ಕಟ್ಟಿ ನೋಡಿದೆವು. ಬೇಡ. ಹಳೆ ಜೀಪಿನ ಹುಡ್ ಪೈಪ್ ಇರುವುದು ಟಾರ್ಪಾಲ್ ಹೊರಲು, ಮನುಷ್ಯನನ್ನಲ್ಲ. ಕೂತ ತಕ್ಷಣ ಒಳಕ್ಕೆ ವಾಲಿತು. ನನ್ನದರ ಮೇಲೆ ಒಂದಿನ ಮೆಣಸು ಒಣಹಾಕಿದ್ದೆ. ಒಣಗಿತು, ಆದರೆ ವಾರಗಟ್ಟಲೆ ಮಲಗಿದರೆ ಸೀನು.

ಗಾಡಿ ನಿಂತಾಗ ಮಾತ್ರ ಹತ್ತಿ, ಓಡುವಾಗ ಯಾರನ್ನೂ ಕೂರಿಸಬೇಡಿ. ಇಳಿಜಾರಿದ್ದರೆ ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಆನೆ ಬಂದ ಸುದ್ದಿ ಇದ್ದ ದಿನ ಬಿಚ್ಚಿ ಮನೆಗೆ ಹೋಗಿ. ಜೂನ್‌ಗೆ ಮೊದಲು ಒಣಗಿಸಿ ಅಟ್ಟಕ್ಕೆ ಹಾಕಿ, ನಮ್ಮ ಮಳೆಗೆ ಕ್ಯಾನ್ವಾಸ್ ಬೂಷ್ಟು ಹಿಡಿಯಲು ಒಂದು ವಾರ ಸಾಕು.