ಅಂಗಳದ ಪೇವರ್‌ಗೆ ಸೀಲರ್: ಹೊಳಪಿಗೆ ಮರುಳಾಗಬೇಡಿ, ತೇವ ನೋಡದೆ ಹಚ್ಚಬೇಡಿ

ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಎರಡು ಬಗೆಯ ಅಂಗಳ ಕಣ್ಣಿಗೆ ಬೀಳುತ್ತವೆ. ಪಾಚಿ ಕಟ್ಟಿ ಕಪ್ಪಾದದ್ದು ಒಂದು. ಹಾಸಿದ ಸಿಮೆಂಟ್ ಕಲ್ಲಿಗೆ, ಅಂದರೆ ಪೇವರ್‌ಗೆ, ದುಡ್ಡು ಕೊಟ್ಟು ಸೀಲರ್ ಎಂಬ ನೀರು ತಡೆಯುವ ದ್ರವ ಹಚ್ಚಿಸಿಯೂ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚಿಕೊಂಡದ್ದು ಇನ್ನೊಂದು. ಇದಕ್ಕೆ ಜನ ಡಬ್ಬಿಯನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಡಬ್ಬಿಯದಲ್ಲ, ಕಲ್ಲಿನ ಅಡಿಯಲ್ಲಿ ಉಳಿದ ತೇವದ್ದು.

ಹಂತ 1: ಯಾವುದು ಬೇಕು?

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ. ಮೊದಲನೆಯದು ಕಲ್ಲಿನೊಳಗೆ ಇಳಿಯುವಂಥದ್ದು. ಡಬ್ಬಿಯ ಮೇಲೆ ಸೈಲೇನ್, ಸೈಲಾಕ್ಸೇನ್ ಎಂದಿರುತ್ತದೆ. ಒಣಗಿದ ಮೇಲೆ ಹಚ್ಚಿದ್ದೇ ಗೊತ್ತಾಗುವುದಿಲ್ಲ, ನೀರು ಮಾತ್ರ ಕೆಸುವಿನ ಎಲೆಯ ಮೇಲಿದ್ದಂತೆ ಉರುಳುತ್ತದೆ. ಕಲ್ಲಿನ ಸೂಕ್ಷ್ಮ ರಂಧ್ರಗಳ ಬಾಯಿ ಮುಚ್ಚದ ಕಾರಣ ಒಳಗಿನ ಆವಿ ಹೊರಗೆ ಹೋಗುತ್ತದೆ.

ಎರಡನೆಯದು ಅಕ್ರಿಲಿಕ್. ಇದು ಮೇಲೆ ಪೊರೆ ಕಟ್ಟುತ್ತದೆ. ಮ್ಯಾಟ್, ಗ್ಲಾಸಿ, ‘ವೆಟ್ ಲುಕ್’ ಎಂದು ಮಾರುವುದು ಇದನ್ನೇ. ಬಣ್ಣ ಗಾಢವಾಗುತ್ತದೆ, ಎಣ್ಣೆ ಕಲೆ ತಡೆಯುವುದರಲ್ಲಿಯೂ ಇದೇ ಮುಂದೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಪೇವರ್ ಅಡಿಯ ಮರಳು ನೆನೆದೇ ಇರುತ್ತದೆ. ಅಲ್ಲಿಂದ ಏರುವ ಆವಿ ಪೊರೆಯ ಅಡಿ ಸಿಕ್ಕಿಬಿದ್ದು ಬಿಳಿಯಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಹೊಳಪಿನ ಪೊರೆಯ ಮೇಲೆ ತೆಳುವಾಗಿ ಪಾಚಿ ಬಂದರಂತೂ ವಯಸ್ಸಾದವರು ಅಂಗಳಕ್ಕೆ ಇಳಿಯುವುದೇ ಬೇಡ.

ಹಾಗಾಗಿ ತೆರೆದ ಅಂಗಳಕ್ಕೆ ಒಳಗಿಳಿಯುವ ಸೀಲರ್, ಬೇರೆ ಮಾತಿಲ್ಲ. ಮಾಡಿನ ಅಡಿ ಕಾರು ನಿಲ್ಲಿಸುವ ಜಾಗಕ್ಕೆ ಮ್ಯಾಟ್ ಅಕ್ರಿಲಿಕ್ ಆದೀತು, ಅದಕ್ಕೂ ಜಾರದಂತೆ ಮಾಡುವ ಪುಡಿ ಬೆರೆಸಿ. ‘ಸೀಲರ್’ ಎಂದಷ್ಟೇ ಬರೆದು ಒಳಗೇನಿದೆ ಎಂದು ಹೇಳದ ಡಬ್ಬಿಯನ್ನು ಮುಟ್ಟಬೇಡಿ. ಸ್ಟೈರೀನ್ ಬೆರೆಸಿದ ಅಗ್ಗದ ಅಕ್ರಿಲಿಕ್ ಬಿಸಿಲಿಗೆ ಹಳದಿಯಾಗುತ್ತದೆ. ಒಳಗಿಳಿಯುವ ಬಗೆಯಲ್ಲೇ ಸಿಲಿಕೋನೇಟ್ ಎಂಬುದು ಇನ್ನೂ ಅಗ್ಗ, ಸ್ವಲ್ಪ ಹೆಚ್ಚು ಬಿದ್ದರೂ ಬಿಳಿ ಪುಡಿ ಉಳಿಸುತ್ತದೆ.

ಅಡಿಕೆ, ಕಾಳುಮೆಣಸನ್ನು ನೆಲದ ಮೇಲೇ ಹರವುವ ಅಂಗಳಕ್ಕೆ ಯಾವ ಸೀಲರೂ ಬೇಡ. ಒತ್ತಾಗಿ ಕೂತ ಗ್ರಾನೈಟ್ ಚಪ್ಪಡಿ ನೀರು ಕುಡಿಯುವುದೇ ಕಡಿಮೆ, ಅದಕ್ಕೆ ಸುರಿಯುವುದು ದಂಡ.

ಹಂತ 2: ತೊಳೆಯುವುದು

ಲೀಟರ್ ನೀರಿಗೆ 50 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನಷ್ಟೇ ಪಾಚಿಯ ಮೇಲೆ ಹಾಕಿ. ಗಸಿ ಬಿದ್ದರೆ ಅದೂ ಬಿಳಿ ಕಲೆಯೇ. ಕಾಲು ಗಂಟೆ ಬಿಟ್ಟು ಗಟ್ಟಿ ಬ್ರಷ್‌ನಿಂದ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಕೆಲಸದವರು ಆಸಿಡ್ ಹಾಕೋಣ ಎಂದರೆ ಒಪ್ಪಬೇಡಿ. ಅದು ಪೇವರ್‌ನ ಸಿಮೆಂಟನ್ನೇ ತಿನ್ನುತ್ತದೆ. ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೆ ಅಪಾಯ.

ಹಂತ 3: ಒಣಗಿಸುವುದು

ಕೆಲಸ ಕೆಡುವುದು ಇಲ್ಲಿಯೇ. ಮೇಲ್ಮೈ ಬಿಸಿಲಿಗೆ ಎರಡೇ ಗಂಟೆಯಲ್ಲಿ ಬೆಳ್ಳಗಾಗುತ್ತದೆ, ಆದರೆ 60 ಅಥವಾ 80 ಮಿಲಿಮೀಟರ್ ದಪ್ಪದ ಕಲ್ಲಿನ ಒಡಲು, ಸಂದಿನ ಮರಳು, ಅದರಡಿಯ ಹಾಸು ಒಣಗಿರುವುದಿಲ್ಲ. ತೊಳೆದ ಮೇಲೆ ಒಳ್ಳೆಯ ಬಿಸಿಲಿದ್ದರೂ ಮೂರು ದಿನ ಬಿಡಿ. ತೋಟದ ಅಂಚಿನ, ಮರದ ನೆರಳಿನ ಜಾಗಕ್ಕೆ ಒಂದು ವಾರವಾದರೂ ಬೇಕು.

ಆಮೇಲೂ ಊಹೆ ಬೇಡ, ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ಪೇವರ್ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. ಮರುದಿನ ಮಧ್ಯಾಹ್ನ ತೆಗೆದು ನೋಡಿ. ಹಾಳೆಯ ಒಳಮೈ ಬೆವರಿದ್ದರೆ, ಅಡಿಯ ಕಲ್ಲು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಬಿಸಿಲಿನ ನಡುವೆ ಒಂದು, ನೆರಳಿನ ಮೂಲೆಯಲ್ಲಿ ಒಂದು, ಮಾಡಿನ ನೀರು ಬೀಳುವ ಸಾಲಿನಲ್ಲಿ ಒಂದು, ಹೀಗೆ ಕಡೇಪಕ್ಷ ಮೂರು ಕಡೆ ಹಚ್ಚಿ. ನಡು ಅಂಗಳ ಒಂದನ್ನೇ ನೋಡಿ ಶುರು ಮಾಡಿದವರ ಅಂಗಳ ಬಿಳಿಯಾಗುವುದು ಮೂಲೆಯಿಂದಲೇ.

ಕಲ್ಲಿನ ಮೇಲೆ ಬಿಳಿ ಉಪ್ಪು ಪುಡಿಯಂತೆ ಮೂಡಿದ್ದರೆ ಅದೂ ಒಳಗೆ ನೀರಿನ ಓಡಾಟ ಇರುವ ಗುರುತು. ಹೊಸ ಪೇವರ್‌ನಲ್ಲಿ ಇದು ಸಹಜ. ಸಿಮೆಂಟಿನ ಸುಣ್ಣ ನೀರಿನೊಂದಿಗೆ ಮೇಲೆ ಬಂದು ಗಾಳಿಗೆ ಗಟ್ಟಿಯಾಗುತ್ತದೆ. ಒಂದು ಮಳೆಗಾಲ ಕಳೆಯಲು ಬಿಟ್ಟು, ಒಣ ಬ್ರಷ್‌ನಿಂದ ಉಜ್ಜಿ ತೆಗೆದು ಸೀಲರ್ ಹಚ್ಚುವುದೇ ಜಾಣತನ. ಉಪ್ಪಿನ ಮೇಲೆ ಪೊರೆ ಬಿದ್ದರೆ ಪೊರೆ ಕಿತ್ತೇ ಅದನ್ನು ತೆಗೆಯಬೇಕು.

ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ. ಅಡಿಕೆ ಕೊಯ್ಲಿನ ಗಲಾಟೆ ಮುಗಿದಿರುತ್ತದೆ, ಏಪ್ರಿಲ್ ನಡುವಿನ ಅಶ್ವಿನಿ ಮಳೆಗೆ ಇನ್ನೂ ಸಮಯವಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಳೆ ಇಲ್ಲದಿದ್ದರೂ ಇಬ್ಬನಿ ಬಿಡುವುದಿಲ್ಲ.

ಹಂತ 4: ಅಳತೆ

ಎರಡಡಿ ಚೌಕ, ಅಂದರೆ 4 ಚದರಡಿ ಗುರುತು ಮಾಡಿ, ಕಲ್ಲು ಇನ್ನು ಹೀರುವುದಿಲ್ಲ ಎನ್ನುವ ತನಕ ಒಳಗಿಳಿಯುವ ಸೀಲರ್ ಹಚ್ಚಿ. 100 ಮಿಲಿಲೀಟರ್ ಹಿಡಿಯಿತು ಎಂದರೆ ಲೀಟರಿಗೆ 40 ಚದರಡಿ, 600 ಚದರಡಿ ಅಂಗಳಕ್ಕೆ 15 ಲೀಟರ್. ಜಂಬಿಟ್ಟಿಗೆ ಕಲ್ಲಿನ ಹಾಸಾದರೆ ಇದಕ್ಕಿಂತ ಬಹಳ ಹೆಚ್ಚು ಕುಡಿಯುತ್ತದೆ, ಪರೀಕ್ಷೆ ಮಾಡದೆ ಕೊಳ್ಳಬೇಡಿ. ಹಚ್ಚಿದ ಜಾಗಕ್ಕೆ ಮೂರು ದಿನ ಬಿಟ್ಟು ನೀರು ಚಿಮುಕಿಸಿ. ಹನಿ ನಿಲ್ಲದೆ ಕಲ್ಲು ಕಪ್ಪಾದರೆ ಆ ಡಬ್ಬಿ ನಿಮ್ಮ ಕಲ್ಲಿಗೆ ಆಗದು. ಮೊದಲೇ ಅಕ್ರಿಲಿಕ್ ಹಚ್ಚಿದ್ದ ಅಂಗಳವಾದರೆ ಒಳಗಿಳಿಯುವ ಸೀಲರ್ ಇಳಿಯುವುದೇ ಇಲ್ಲ, ಹಳೆಯ ಪೊರೆ ಪೂರ್ತಿ ಹೋಗಬೇಕು.

ಹಂತ 5: ಹಚ್ಚುವುದು

ಇಬ್ಬನಿ ಆರಿದ ಮೇಲೆ, ಕಲ್ಲು ಕಾಯುವ ಮೊದಲು. ಕಡಿಮೆ ಒತ್ತಡದ ಕೈಪಂಪಿನಿಂದ ಸಿಂಪಡಿಸಿ, ಹಿಂದೆಯೇ ರೋಲರ್ ಎಳೆಯಿರಿ. ಮನೆಯಲ್ಲಿದೆಯಲ್ಲ ಎಂದು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಪಂಪ್ ತರಬೇಡಿ, ಅದರಲ್ಲಿ ಉಳಿದ ಮೈಲುತುತ್ತ, ಸುಣ್ಣ ಎಲ್ಲವೂ ಕಲ್ಲಿಗೆ ಇಳಿಯುತ್ತವೆ. ಒಳಗಿಳಿಯುವ ಸೀಲರ್ ಆದರೆ ಮೊದಲ ಸಲದ್ದು ಹಸಿ ಇರುವಾಗಲೇ ಎರಡನೆಯದು. ಒಣಗಿದ ಮೇಲೆ ಹಚ್ಚಿದರೆ ಮೊದಲನೆಯದೇ ತಡೆಯುತ್ತದೆ. ನಿಂತ ದ್ರವವನ್ನು ಹತ್ತು ನಿಮಿಷದೊಳಗೆ ಬಟ್ಟೆಯಿಂದ ಒರೆಸಿ. ಒಂದು ದಿನ ನೀರು ತಾಗದಿರಲಿ, ಮೂರು ದಿನ ಕಾರು ಬೇಡ. ಥಿನ್ನರ್ ವಾಸನೆಯ ಸೀಲರ್ ಆದರೆ ಹತ್ತಿರ ಬೀಡಿ, ಬಚ್ಚಲೊಲೆ ಎರಡೂ ಇರಬಾರದು.

ಅಕ್ರಿಲಿಕ್ ಹಚ್ಚಿ ಈಗಾಗಲೇ ಬಿಳಿಯಾಗಿದೆಯೇ? ಥಿನ್ನರ್ ಆಧಾರಿತವಾಗಿದ್ದು ಪೊರೆ ಇನ್ನೂ ಏಳದಿದ್ದರೆ, ಚೆನ್ನಾಗಿ ಒಣಗಿದ ದಿನ ಕ್ಸೈಲೀನ್ ಎಂಬ ಥಿನ್ನರನ್ನು ತೆಳುವಾಗಿ ರೋಲರ್‌ನಲ್ಲಿ ಎಳೆಯಿರಿ. ಪೊರೆ ಕರಗಿ, ಸಿಕ್ಕಿಬಿದ್ದ ತೇವ ಹೊರಬಿದ್ದು, ಮತ್ತೆ ಕೂರುತ್ತದೆ. ನೀರಿನ ಆಧಾರದ ಅಕ್ರಿಲಿಕ್‌ಗೆ ಈ ಉಪಾಯ ನಂಬುವಂತಿಲ್ಲ, ಕೀಳಿಸಿ ಮತ್ತೆ ಹಂತ 2ರಿಂದ ಬನ್ನಿ.