ಗೋದಲಿ ಕಟ್ಟಲು ನಮ್ಮನೆಯಲ್ಲಿ ಅವಸರವಿಲ್ಲ

ನವೆಂಬರ್ ಮುಗಿಯುವ ಹೊತ್ತಿಗೇ ಮಂಗಳೂರಿನ ಅಂಗಡಿಗಳಲ್ಲಿ ನಕ್ಷತ್ರ ತೂಗುತ್ತವೆ. ಹಾಗಾಗಿ ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಅಂದರೆ ಕ್ರಿಸ್ಮಸ್‌ಗೆ ದಿನ ಎಣಿಸುವುದು ಅಂತ ಮಕ್ಕಳು ತಿಳಿಯುವುದು ಸಹಜವೇ. ಆದರೆ ಮೊದಲ ಭಾನುವಾರ ಪೂಜೆಯಲ್ಲಿ ಓದುವ ಶುಭಸಂದೇಶದಲ್ಲಿ (ಯೇಸುವಿನ ಬದುಕು ಹೇಳುವ ಬೈಬಲ್ ಭಾಗ) ಕೂಸಿನ ಸುದ್ದಿಯೇ ಇಲ್ಲ. ಕ್ರಿಸ್ತ ಮತ್ತೆ ಬರುತ್ತಾನೆ, ಯಾವಾಗ ಅಂತ ಗೊತ್ತಿಲ್ಲ, ಎಚ್ಚರವಾಗಿರಿ ಅನ್ನುತ್ತದೆ. ದಿನದ ಪೂಜೆಯ ವಾಚನಗಳು ಯೇಸುವಿನ ಜನನದ ಕಡೆ ತಿರುಗುವುದು ಡಿಸೆಂಬರ್ 17ರಿಂದ.

ಅದಕ್ಕೇ ಮನೆಯಲ್ಲಿ ಈ ಕಾಲವನ್ನು ಎರಡು ಭಾಗ ಮಾಡಿದೆ. 16ರವರೆಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಇಲ್ಲ. ಸ್ಟೀಲ್ ತಟ್ಟೆಯಲ್ಲಿ ಮರಳು, ಸುತ್ತ ಹಸಿರೆಲೆ, ಭಾನುವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ, ಅಷ್ಟೇ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಮೂರನೇ ಭಾನುವಾರಕ್ಕೆ, ಅದು ಸಂತೋಷದ ಭಾನುವಾರ. ಬಣ್ಣದ ಬತ್ತಿ ಸಿಗದಿದ್ದರೆ ಬಿಳಿ ಬತ್ತಿಗೆ ರಿಬ್ಬನ್ ಕಟ್ಟಿದರೂ ನಡೆಯುತ್ತದೆ. ಸಂಜೆ ಜಪಸರಕ್ಕೆ (ಮಣಿಸರ ಹಿಡಿದು ಮಾಡುವ ಪ್ರಾರ್ಥನೆ) ಮೊದಲು ಟ್ಯೂಬ್‌ಲೈಟ್ ಆರಿಸಿ, ಬತ್ತಿ ಹಚ್ಚಿ, ಆ ದಿನದ ವಾಚನ ಓದಿ, ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇವೆ.

ಆ ಹೊತ್ತಲ್ಲಿ ನನಗೆ ಅಮ್ಮ ಜಾಸ್ತಿ ನೆನಪಾಗುತ್ತಾರೆ. ಅಪ್ಪ ಕುವೈತ್‌ನಲ್ಲಿದ್ದರು. ಬರುವುದು ಖಂಡಿತ, ಯಾವತ್ತು ಅಂತ ಗೊತ್ತಿರುತ್ತಿರಲಿಲ್ಲ. ಅಮ್ಮ ಬಾಗಿಲು ಕಾಯುತ್ತಾ ಕೂತವರಲ್ಲ. ಹೆಂಚು ಸರಿ ಮಾಡಿಸುತ್ತಿದ್ದರು, ಅಂಗಡಿ ಸಾಲ ತೀರಿಸುತ್ತಿದ್ದರು, ಮಾತು ಬಿಟ್ಟ ನೆಂಟರ ಮನೆಗೆ ತಾವಾಗಿ ಹೋಗಿ ಬರುತ್ತಿದ್ದರು. ಎಚ್ಚರವಾಗಿರುವುದು ಅಂದರೆ ನನಗೆ ಇದೇ. ಆದ್ದರಿಂದ ಈ ದಿನಗಳಲ್ಲಿ ನಾನು ಯಾರಿಗೆ ಏನು ಬಾಕಿ ಇಟ್ಟಿದ್ದೇನೆ ಅಂತ ನೋಡಿಕೊಳ್ಳುತ್ತೇನೆ. ಪಾಪನಿವೇದನೆಗೂ ಆಗಲೇ ಹೋಗುತ್ತೇನೆ, ಕೊನೆಯ ವಾರದ ಉದ್ದ ಸಾಲಿನಲ್ಲಿ ನಿಂತು ಯೋಚಿಸಲು ಆಗುವುದಿಲ್ಲ, ಅಲ್ವಾ?

17ರಂದು ಮತ್ತಾಯನ ಶುಭಸಂದೇಶದಲ್ಲಿರುವ ಯೇಸುವಿನ ವಂಶಾವಳಿ. ಬರೀ ಹೆಸರುಗಳು ಅಂತ ಮಕ್ಕಳು ಆಕಳಿಸುತ್ತಾರೆ. ನನಗೋ ಅದೇ ಇಷ್ಟ. ಹದಿನಾಲ್ಕರಂತೆ ಮೂರು ಸಲ ಲೆಕ್ಕ ಹಾಕಿದ ತಲೆಮಾರುಗಳು. ನಡುವೆ ರಾಹಾಬಳಂಥ ವೇಶ್ಯೆ, ಮೋವಾಬ್ ಎಂಬ ಹೊರನಾಡಿನಿಂದ ಬಂದ ರೂತ್, ಅವಳನ್ನು ತನ್ನವಳಾಗಿಸಿಕೊಂಡ ರಾಜ ದಾವೀದನ ಪಾಪವನ್ನು ಮರೆಯಲು ಬಿಡದ ಊರೀಯನ ಹೆಂಡತಿ. ಕ್ರಿಸ್ತನಿಗಾಗಿ ಕಾದ ಮನೆತನವೇನೂ ಮಡಿವಂತರದ್ದಲ್ಲ! ಅದನ್ನು ಓದಿದ ಮೇಲೆಯೇ ಗೋದಲಿಯ ಹುಲ್ಲು ಹೊರಗೆ ಬರುವುದು. ಬಾಲಯೇಸು ಮಾತ್ರ 24ರ ರಾತ್ರಿಯವರೆಗೆ ಕಪಾಟಿನಲ್ಲೇ.

ಒಂದು ಎಚ್ಚರಿಕೆ. ಕ್ರಿಸ್ಮಸ್ ಸೋಮವಾರ ಬಿದ್ದರೆ ನಾಲ್ಕನೇ ಭಾನುವಾರವೇ 24 ಆಗಿ, ನಾಲ್ಕನೇ ವಾರ ಅನ್ನುವುದೇ ಇರುವುದಿಲ್ಲ. 2023ರಲ್ಲಿ ಹಾಗಾಯಿತು, ಬೆಳಿಗ್ಗೆ ನಾಲ್ಕನೇ ಬತ್ತಿ, ರಾತ್ರಿ ಹಬ್ಬದ ಪೂಜೆ. ಅಂಥ ವರ್ಷ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಕೆಲಸವನ್ನು ಶನಿವಾರಕ್ಕೇ ಮುಗಿಸಿಬಿಡಿ.