ಗಲಾಪಗೋಸ್: ಪುಟ್ಟ ಹಡಗಿನಲ್ಲಿ ಹೋಗಿ ಪ್ರಾಣಿಗಳನ್ನು ನೋಡುವುದು ಹೇಗೆ?

ಗಲಾಪಗೋಸ್‌ಗೆ ಹೊರಟವರು ಸಾಮಾನ್ಯವಾಗಿ ಮೊದಲು ಹಡಗು ಹುಡುಕುತ್ತಾರೆ. ಅದಕ್ಕೂ ಮೊದಲು ಯಾವ ಪ್ರಾಣಿ ನೋಡಬೇಕು ಅಂತ ಗಟ್ಟಿ ಮಾಡಿಕೊಳ್ಳಿ. ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರದ ಈ ದ್ವೀಪಗಳಲ್ಲಿ ಎಲ್ಲವೂ ಎಲ್ಲ ಕಡೆ ಸಿಗುವುದಿಲ್ಲ. ಹಾರಲಾರದ ನೀರುಕಾಗೆಯನ್ನು ನೋಡಬೇಕೆಂದರೆ ಪಶ್ಚಿಮದ ಫರ್ನಾಂಡಿನಾ ಅಥವಾ ಇಸಬೆಲಾಗೇ ಹೋಗಬೇಕು. ಗೂಡು ಕಟ್ಟುವ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಬೇಕಾದರೆ ಎಸ್ಪಾನ್ಯೋಲಾ ದ್ವೀಪ, ಅದೂ ಏಪ್ರಿಲ್‌ನಿಂದ ಡಿಸೆಂಬರ್ ಒಳಗೆ. ಹಡಗುಗಳ ದಾರಿ ಮೊದಲೇ ನಿಗದಿಯಾಗಿರುತ್ತದೆ, ನಾವು ಕೇಳಿದೆವೆಂದು ಬದಲಾಗುವುದಿಲ್ಲ. ಹಾಗಾಗಿ ಯಾವ ದಿನ ಯಾವ ದ್ವೀಪ ಎಂಬ ಪಟ್ಟಿ ಓದಿಯೇ ಟಿಕೆಟ್ ಮಾಡಿಸಿ.

ಇಲ್ಲಿ 100 ಪ್ರವಾಸಿಗರಿಗಿಂತ ದೊಡ್ಡ ಹಡಗಿಗೆ ಅನುಮತಿಯಿಲ್ಲ. 16 ಜನರ ಹಡಗೇ ಒಳ್ಳೆಯದು ಅಂತೀನಿ. ಒಬ್ಬ ಗೈಡ್ ಜೊತೆ 16 ಜನ ಮಾತ್ರ ಹೋಗಬಹುದು ಎಂಬ ನಿಯಮವಿದೆ. ಹಡಗೆಲ್ಲ ಒಂದೇ ಗುಂಪಾದರೆ ದಡಕ್ಕಿಳಿಯಲು ಸರದಿ ಕಾಯುವ ಕೆಲಸವಿಲ್ಲ.

ಜೂನ್‌ನಿಂದ ನವೆಂಬರ್‌ವರೆಗೆ ಹಂಬೋಲ್ಟ್ ಎಂಬ ಸಾಗರ ಪ್ರವಾಹ ತಣ್ಣೀರು ತರುತ್ತದೆ. ಮೀನು ಜಾಸ್ತಿ, ಹಕ್ಕಿಯೂ ಜಾಸ್ತಿ, ಅಲೆಯೂ ಜಾಸ್ತಿ. ಹಡಗು ಓಲಾಡಿದರೆ ಹೊಟ್ಟೆ ತೊಳಸುವವರು ಕೆಳಗಿನ ಅಂತಸ್ತಿನ ನಡುವಿನ ಕೋಣೆ ಕೇಳಿ. ಡಿಸೆಂಬರ್‌ನಿಂದ ಮೇವರೆಗೆ ಕಡಲು ಬೆಚ್ಚಗೆ, ಶಾಂತ.

ದಡಕ್ಕೆ ಒಯ್ಯುವುದು ಪಂಗಾ ಎಂಬ ಸಣ್ಣ ದೋಣಿ. ಕೆಲವು ಕಡೆ ಮೊಣಕಾಲುದ್ದ ನೀರಿಗೇ ಇಳಿಯಬೇಕು. ಆಗ ದೋಣಿಯವರ ಅಂಗೈ ಹಿಡಿಯಬೇಡಿ, ಮಣಿಕಟ್ಟಿನ ಮೇಲೆ ಹಿಡಿಯಿರಿ. ಒದ್ದೆ ಅಂಗೈ ಜಾರುತ್ತದೆ.

ಇಳಿದ ಮೇಲೆ ಅವಸರ ಬೇಡ. ಪ್ರಾಣಿಗಳಿಂದ ಎರಡು ಮೀಟರ್ ದೂರವಿರಿ, ಫ್ಲ್ಯಾಶ್ ಹಾಕಬೇಡಿ, ಗೈಡ್ ತೋರಿಸಿದ ಜಾಗದಲ್ಲಿ ಸುಮ್ನೆ ಕೂತುಬಿಡಿ. ಮೊದಲು ಕಾಣುವುದು ಬರೀ ಕಪ್ಪು ಲಾವಾ ಬಂಡೆ. ಸ್ವಲ್ಪ ಹೊತ್ತಿಗೆ ಬಂಡೆಯೇ 'ಪುಸ್' ಅಂದಂತಾಗುತ್ತದೆ. ನೋಡಿದರೆ ಕಡಲ ಇಗುವಾನಾ ಎಂಬ ದೊಡ್ಡ ಹಲ್ಲಿಗಳು, ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿರುತ್ತವೆ! ನೀರೊಳಗೆ ಪಾಚಿ ಮೇಯುವಾಗ ಮೈ ಸೇರಿದ ಉಪ್ಪನ್ನು ಮೂಗಿನಿಂದ ಹೀಗೆ ಚಿಮ್ಮಿಸುತ್ತವೆ. ತಲೆಯ ಮೇಲಿನ ಬಿಳಿ ಪದರವೂ ಆ ಉಪ್ಪೇ. ನಡೆದುಕೊಂಡೇ ಹೋಗಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ, ಅಲ್ವಾ?

ರಾತ್ರಿ ಊಟವಾದ ಕೂಡಲೇ ಮಲಗಬೇಡಿ. ಹಡಗು ಮುಂದಿನ ದ್ವೀಪಕ್ಕೆ ಹೊರಟಾಗ ಒಂದು ಗಳಿಗೆ ಡೆಕ್ ಮೇಲೆ ನಿಲ್ಲಿ. ಕವಲು ಬಾಲದ ಕಡಲಕ್ಕಿಗಳು ಬೇಟೆಗೆ ಹೊರಡುವುದು ರಾತ್ರಿಯಲ್ಲೇ. ಹಡಗಿನ ಪಕ್ಕದಲ್ಲೇ, ಕತ್ತಲಲ್ಲಿ ಬೆಳ್ಳಗೆ ಹಾರುತ್ತಾ ಜೊತೆಗೆ ಬರುತ್ತವೆ.